ಕುಡಿತ ಬಿಟ್ಟ ಮೇಲಿನ ಮನೆ

ಹಾವೇರಿ ಸೀಮೆಯಲ್ಲಿ ಕುಡಿತ ಬಿಡುವುದಕ್ಕೂ ಒಂದು ಪಂಚಾಂಗವಿದೆ. ಶ್ರಾವಣ ಹತ್ತಿದ ದಿನದಿಂದ ಎಷ್ಟೋ ಗಂಡಸರು ಬಾಟ್ಲಿ ಮುಟ್ಟುವುದಿಲ್ಲ. ಬೆನಕನ ಅಮಾವಾಸ್ಯೆ ದಾಟುವುದನ್ನೇ ಕಾಯುತ್ತಾರೆ. ದಸರೆಗೆ ರಾಣೇಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಮಾಲತೇಶನ ಕಾರಣಿಕ ಕೇಳಿ ಬಂದವರು ಭಂಡಾರ ಮುಟ್ಟಿ ಆಣೆ ಮಾಡುತ್ತಾರೆ. ನವೆಂಬರ್ ನಡುವಿನಿಂದ ಅಯ್ಯಪ್ಪನ ಮಾಲೆ ಕೊರಳಿಗೆ ಬೀಳತೊಡಗುತ್ತದೆ, ಸಂಕ್ರಾಂತಿ ಹೊತ್ತಿಗೆ ಎಲ್ಲರದೂ ಇಳಿದಿರುತ್ತದೆ. ವರದಾ ನದಿ ತುಂಗಭದ್ರೆಯನ್ನು ಕೂಡುವ ಗಳಗನಾಥದಲ್ಲಿ ಹೊಳೆಸ್ನಾನ ಮಾಡಿ, ಗಳಗೇಶ್ವರನಿಗೆ ಕಾಯಿ ಒಡೆಸಿ, ‘ಇನ್ನ ಮುಟ್ಟಂಗಿಲ್ಲ’ ಎಂದು ಹೆಂಡತಿಯ ಕಡೆ ನೋಡದೆ ದೇವರ ಕಡೆ ನೋಡಿ ಹೇಳುವ ಗಂಡಸರು ಈ ಭಾಗಕ್ಕೆ ಹೊಸಬರಲ್ಲ.

ಓದಿದವರು ಇದನ್ನು ಕೇಳಿ ನಗುವುದುಂಟು. ನನಗೆ ನಗಬೇಕು ಅನ್ನಿಸುವುದಿಲ್ಲ. ಮಾಲೆ ಹಾಕಿದವನ ದಿನಚರಿಯನ್ನೊಮ್ಮೆ ನೋಡಿ. ನಸುಕಿನಲ್ಲಿ ತಣ್ಣೀರು ಸ್ನಾನ, ಎರಡು ಹೊತ್ತು ಪೂಜೆ, ಚಾಪೆಯ ಮೇಲೆ ನಿದ್ದೆ, ಬೇರೆಯದೇ ಬಟ್ಟೆ, ಸಂಜೆ ಭಜನೆಗೆ ಕೂಡುವ ಬೇರೆಯದೇ ಗೆಳೆಯರು, ತಪ್ಪಿದರೆ ಕೇಳಲು ಒಬ್ಬ ಗುರುಸ್ವಾಮಿ. ನಿನ್ನೆಯವರೆಗೆ ‘ಕುಡುಕ’ ಅನ್ನಿಸಿಕೊಂಡವನನ್ನು ಹೆತ್ತ ತಾಯಿಯೂ ‘ಸ್ವಾಮಿ’ ಎನ್ನುತ್ತಾಳೆ. ವ್ಯಸನ ಚಿಕಿತ್ಸೆಯ ಪುಸ್ತಕಗಳು ಅಧ್ಯಾಯಗಟ್ಟಲೆ ಹೇಳುವುದೂ ಹೆಚ್ಚುಕಡಿಮೆ ಇದನ್ನೇ: ಸಂಜೆಯ ಹೊತ್ತನ್ನು ತುಂಬಿಸು, ಕುಡಿಯುವ ಜೊತೆ ಬಿಡಿಸು, ಅವನಿಗೆ ಮರ್ಯಾದೆಯ ಬೇರೊಂದು ಜಾಗ ಕೊಡು. ಮಾಲೆಗೆ ಇರುವ ತೊಡಕು ಒಂದೇ. ಅದು 41 ದಿನಕ್ಕೆ ಮುಗಿಯುತ್ತದೆ; ಆಮೇಲೆ ಅವನು ಅದೇ ಮನೆಗೆ, ಅದೇ ಜಾಗಕ್ಕೆ ವಾಪಸು ಬರುತ್ತಾನೆ. ವ್ರತ ಹಿಡಿದದ್ದು ಅವನೊಬ್ಬ. ಮನೆಯಲ್ಲಿ ಉಳಿದವರು ಎಲ್ಲಿದ್ದರೋ ಅಲ್ಲೇ ಇರುತ್ತಾರೆ.

ಈ ಪಂಚಾಂಗದ ಇನ್ನೊಂದು ಅಪಾಯವನ್ನೂ ಹೇಳಿಬಿಡಬೇಕು. ವರ್ಷಗಟ್ಟಲೆ ದಿನಾ ಕುಡಿದ ಮೈ ಒಮ್ಮೆಲೇ ನಿಲ್ಲಿಸಿದರೆ ಸುಮ್ಮನಿರುವುದಿಲ್ಲ. ಮೊದಲ ದಿನವೇ ಕೈ ನಡುಗುತ್ತದೆ, ಬೆವರುತ್ತದೆ. ಒಂದೆರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡನೇ–ಮೂರನೇ ದಿನಕ್ಕೆ ಕೆಲವರಿಗೆ ಬುದ್ಧಿ ಕಲಕುತ್ತದೆ: ಗೋಡೆಯ ಮೇಲೆ ಹುಳ ಹರಿದಂತೆ, ಯಾರೋ ಹೊಡೆಯಲು ಬಂದಂತೆ ಕಾಣುತ್ತದೆ, ಹಗಲು ರಾತ್ರಿ ಗೊತ್ತಾಗುವುದಿಲ್ಲ. ದೇವರ ಹೆಸರಿನಲ್ಲಿ ಬಿಟ್ಟ ಮೂರನೇ ದಿನ ಹೀಗಾದರೆ ಮನೆಯವರು ಏನಂದುಕೊಳ್ಳಬೇಕು? ‘ಗಾಳಿ ಸೋಕೈತಿ’ ಎನ್ನುತ್ತಾರೆ, ನಿಂಬೆಹಣ್ಣು ಇಳಿಸುತ್ತಾರೆ, ಗುಡಿಯ ಮುಂದೆ ಮಲಗಿಸುತ್ತಾರೆ. ಅದು ಜೀವಕ್ಕೇ ಅಪಾಯ ತರುವ ಸ್ಥಿತಿ. ಆಸ್ಪತ್ರೆಯಲ್ಲಿ ಕೆಲವು ದಿನದ ಮಾತ್ರೆ, ಥಯಾಮಿನ್ ಎಂಬ ಬಿ ಜೀವಸತ್ವದ ಸೂಜಿ, ಸಲೈನು ಸಿಕ್ಕರೆ ಸಾಮಾನ್ಯವಾಗಿ ಇಳಿಯುತ್ತದೆ. ಹಾಗೆಂದು ದೇವರನ್ನು ಬಿಟ್ಟು ಡಾಕ್ಟರ ಬಳಿ ಬನ್ನಿ ಎಂದರೆ ಯಾರೂ ಬರುವುದಿಲ್ಲ. ಉಡುಪಿ ಕಡೆಯ ಕೋಟದಲ್ಲಿ ಆರ್.ಎಲ್. ಕಪೂರ್ ಮತ್ತು ಜಿ.ಎಂ. ಕಾರ್‌ಸ್ಟೇರ್ಸ್ ಮಾಡಿದ ಅಧ್ಯಯನ 1976ರಲ್ಲಿ ಪುಸ್ತಕವಾಗಿ ಬಂತು. ಜನ ವೈದ್ಯರು, ಮಂತ್ರವಾದಿ, ದೈವದ ಪಾತ್ರಿ ಎಲ್ಲರ ಬಳಿಗೂ ಹೋಗುತ್ತಾರೆ, ಅದರಲ್ಲಿ ಅವರಿಗೇನೂ ಇರುಸುಮುರುಸಿಲ್ಲ ಎಂಬುದನ್ನು ಅದು ಆಗಲೇ ತೋರಿಸಿತ್ತು. ಭಂಡಾರವನ್ನೂ ಹಚ್ಚಲಿ, ಸೂಜಿಯನ್ನೂ ಹಾಕಿಸಲಿ.

ಜೋಳಿಗೆಗೆ ಬಿದ್ದದ್ದು

ಉತ್ತರ ಕರ್ನಾಟಕದಲ್ಲಿ ಚಟ ಬಿಡಿಸುವ ಕೆಲಸವನ್ನು ಮಠವೂ ಹೆಗಲಿಗೇರಿಸಿಕೊಂಡಿದೆ. ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಮಹಾಂತ ಶಿವಯೋಗಿಗಳು (1930–2018) ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು ತಿರುಗಿದರು. ದವಸ ಬೇಡಲಿಲ್ಲ, ದುಡ್ಡು ಬೇಡಲಿಲ್ಲ. ‘ನಿಮ್ಮ ದುಶ್ಚಟಗಳನ್ನು ಭಿಕ್ಷೆ ಹಾಕಿ’ ಎಂದರು. ಜನ ಬೀಡಿ ಕಟ್ಟು, ಗುಟ್ಕಾ ಚೀಟು, ಬಾಟ್ಲಿ ತಂದು ಜೋಳಿಗೆಗೆ ಹಾಕಿ ಮಾತು ಕೊಟ್ಟರು. ಅವರು ಹುಟ್ಟಿದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ಈಗ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಇದರ ಜಾಣ್ಮೆ ದೊಡ್ಡದು. ‘ನೀನು ರೋಗಿ’ ಅನ್ನದೆ, ‘ನೀನು ಪಾಪಿ’ ಅನ್ನದೆ, ಕುಡುಕನನ್ನು ಕೊಡುವವನ ಜಾಗದಲ್ಲಿ ನಿಲ್ಲಿಸಿದ ಚಿಕಿತ್ಸೆ ಅದು. ಸ್ವಾಮಿಯೇ ಬೇಡುವವನು, ಇವನೇ ದಾನಿ. ಮರ್ಯಾದೆ ಕಳೆದುಕೊಂಡು ಕೂತವನಿಗೆ ಇಂಥದ್ದೊಂದು ಸಿಗುವುದು ಸಣ್ಣ ಮಾತಲ್ಲ.

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳನ್ನು ಕಾಣದ ತಾಲ್ಲೂಕು ಈಗ ಕಡಿಮೆ. ಊರ ಕಲ್ಯಾಣ ಮಂಟಪವೋ ಸಮುದಾಯ ಭವನವೋ, ಸುಮಾರು ಒಂದು ವಾರ. ಯೋಗ, ಭಜನೆ, ಗುಂಪು ಮಾತುಕತೆ, ಕುಟುಂಬದವರನ್ನು ಕರೆಸಿ ಸಲಹೆ. ಮುಗಿದ ಮೇಲೆ ‘ನವಜೀವನ’ ಸಮಿತಿಗಳು. ಊರಿನೊಳಗೇ ಶಿಬಿರ ನಡೆಸುವ ದಾರಿಯನ್ನು ಚೆನ್ನೈನ ಟಿ.ಟಿ. ರಂಗನಾಥನ್ ಪ್ರತಿಷ್ಠಾನದವರು 1989ರಲ್ಲೇ ತಮಿಳುನಾಡಿನ ಮಂಜಕ್ಕುಡಿಯಲ್ಲಿ ಹಿಡಿದಿದ್ದರು. ಆಸ್ಪತ್ರೆಯಲ್ಲಿ ಚಟ ಬಿಟ್ಟವನು ಊರಿಗೆ ಬಂದು ಮೊದಲು ಕಾಣುವುದು ವೈನ್ ಶಾಪನ್ನು. ಊರಲ್ಲೇ, ಊರವರ ಮುಂದೆಯೇ ಬಿಟ್ಟರೆ ಕಾಯುವ ಕಣ್ಣುಗಳು ಹೆಚ್ಚು. ಲೆಕ್ಕಾಚಾರ ಸರಿಯಾಗಿಯೇ ಇದೆ.

ದೊಡ್ಡ ಲೆಕ್ಕವೂ ಇದನ್ನೇ ಬೇಡುತ್ತದೆ. ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಕುಡಿಯುವವರು ಸುಮಾರು 16 ಕೋಟಿ. ಕುಡಿತದಿಂದ ತೊಂದರೆಗೆ ಸಿಕ್ಕು ನೆರವು ಬೇಕಾದವರು 5.7 ಕೋಟಿ. ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದೋ ಒಂದು ಬಗೆಯ ಚಿಕಿತ್ಸೆ ಸಿಕ್ಕಿದೆ. ಇತ್ತ ನಮ್ಮ ರಾಜ್ಯ 2007ರ ಜುಲೈ 1ರಿಂದ ಸಾರಾಯಿ ನಿಲ್ಲಿಸಿತು. ಆದರೂ 2025–26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ ಆದಾಯ 40,000 ಕೋಟಿ ರೂಪಾಯಿ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಮದ್ಯ ನಿಷೇಧ ಕೇಳಿ ನಡೆದುಬಂದ ಸಾವಿರಾರು ಹೆಣ್ಣುಮಕ್ಕಳಿಗೆ ಸರ್ಕಾರ ಏಕೆ ಮಾತು ಕೊಡಲಿಲ್ಲ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಜೋಳಿಗೆ, ಶಿಬಿರ, ಮಾಲೆ, ಆಣೆ – ಎಲ್ಲವೂ ಕುಡಿಯುವವನ ನಾಚಿಕೆಗೆ ಮದ್ದು. ಅವನ ಮನೆಯಲ್ಲಿ ಆದ ಗಾಯಕ್ಕೆ ಮದ್ದಲ್ಲ. ಎರಡನ್ನೂ ಒಂದೇ ಎಂದುಕೊಂಡಿರುವುದರಿಂದಲೇ ನಮ್ಮ ಕಡೆ ಚಿಕಿತ್ಸೆ ಅರ್ಧಕ್ಕೆ ನಿಲ್ಲುತ್ತದೆ ಎಂಬುದು ನನ್ನ ತಕರಾರು.

ಕೋಣೆಯಲ್ಲಿ ಕೂತವರು ಯಾರು

ಸರ್ಕಾರಿ ಆಸ್ಪತ್ರೆಯ ಒಂದು ಸಣ್ಣ ಕೋಣೆ. ಯಾರದೋ ಒಂದು ಮನೆಯ ಕಥೆಯಲ್ಲ ಇದು. ಇಂಥ ಕೋಣೆಗಳಲ್ಲಿ ಮತ್ತೆ ಮತ್ತೆ ಆಗುವುದನ್ನು ಕೂಡಿಸಿ ಹೇಳುತ್ತಿದ್ದೇನೆ. ಕುರ್ಚಿಯಲ್ಲಿ ಮೂವತ್ತೈದು ದಾಟಿದ ಗಂಡಸು, ಕೈಯಲ್ಲಿ ಚೀಟಿ. ಪಕ್ಕದಲ್ಲಿ ಅವನ ತಾಯಿ. ಹಿಂದೆ ನಿಂತದ್ದು ಸೋದರಮಾವ, ಹೆಗಲ ಮೇಲೆ ಟವೆಲು. ಹೆಂಡತಿ ಬಾಗಿಲ ಬಳಿಯ ಸ್ಟೂಲಿನ ತುದಿಗೆ ಕೂತಿದ್ದಾಳೆ.

‘ಯಾವಾಗಿಂದ ಹಿಂಗ ಆಗೇತ್ರಿ?’ ಎಂದು ಸಮಾಲೋಚಕಿ ಕೇಳುತ್ತಾರೆ.

‘ನನ್ನ ಮಗ ಬಂಗಾರದಂಥಾವ್ರೀ. ಗೆಳ್ಯಾರು ಕೆಡಿಸಿದ್ರು,’ ಎಂದು ತಾಯಿ.

‘ಕುಡದಾಗಷ್ಟ ಹಂಗ್ರೀ ಮೇಡಂ. ಇಲ್ಲಾಂದ್ರ ದೇವರಂಥಾ ಮನಷ್ಯಾ,’ ಎಂದು ಸೋದರಮಾವ.

ಹೆಂಡತಿಯನ್ನು ಕೇಳಿದರೆ, ‘ಅವ್ರು ಸುದ್ದಾದ್ರ ಸಾಕ್ರೀ, ನನಗೇನ್ ಆಗಿಲ್ಲ.’ ನಿಮ್ಮ ಆರೋಗ್ಯ ಹೇಗಿದೆ ಎಂದು ಮತ್ತೊಮ್ಮೆ ಕೇಳಿದ ಮೇಲೆ: ‘ತಲಿ ಒಂದು ನೋಯ್ತೈತ್ರಿ. ಎದಿ ಡವಡವ ಅಂತೈತಿ. ನಿದ್ದಿ ಹತ್ತೂದಿಲ್ಲ. ಸಂಜೀಕ ಬಾಗಲಾ ಸಪ್ಪಳಾತಂದ್ರ ಕೈಕಾಲು ತಣ್ಣಗಾಗ್ತಾವು.’

ಆಘಾತದ ಲಕ್ಷಣ ಎಂದು ವೈದ್ಯಶಾಸ್ತ್ರ ಪಟ್ಟಿ ಮಾಡುವ ಬಹಳಷ್ಟು ಆ ಎರಡು ಸಾಲಿನಲ್ಲಿ ಬಂದುಹೋಯಿತು. ಆದರೆ ಚೀಟಿ ಇರುವುದು ಅವನ ಹೆಸರಿನಲ್ಲಿ.

ಇನ್ನು ಆ ಸೋದರಮಾವ. ‘ಗಂಡನ ಕಡೆಯ ಹಿರಿಯರು’ ಎಂದು ಸಮಾಲೋಚಕಿ ಬರೆದುಕೊಂಡಿರುತ್ತಾರೆ. ಸಂಬಂಧ ಬಿಡಿಸಿ ಕೇಳಿದರೆ ತಿಳಿಯುತ್ತದೆ, ಅವರು ಆ ಹೆಣ್ಣುಮಗಳ ಹೆತ್ತ ತಂದೆ. ಅಕ್ಕನ ಮಗನಿಗೇ ಮಗಳನ್ನು ಕೊಟ್ಟಿದ್ದಾರೆ. ಅತ್ತೆ ಅನ್ನುವವಳು ಖಾಸ ಸೋದರತ್ತೆ. ಮಗಳ ಪರ ಮಾತಾಡಿದರೆ ಅಕ್ಕನ ಮನೆಯ ಬಾಗಿಲು ಮುಚ್ಚುತ್ತದೆ. ಆ ಅಕ್ಕನ ಮಗಳೊಬ್ಬಳು ಇವರ ಮನೆಗೆ ಸೊಸೆಯಾಗಿ ಬಂದಿದ್ದರಂತೂ ಎರಡು ಸಂಸಾರ ಒಟ್ಟಿಗೆ ಅಲುಗುತ್ತವೆ. ತವರಿಗೆ ಹೋಗು ಎಂದು ಈ ಹೆಣ್ಣಿಗೆ ಹೇಳುವುದು ಸುಲಭ. ಅವಳ ತವರು ಎಂಬುದು ಗಂಡನ ಸೋದರಮಾವನ ಮನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಕ್ತಸಂಬಂಧದೊಳಗೆ ಮದುವೆಯಾದ ಹೆಣ್ಣುಮಕ್ಕಳ ಪ್ರಮಾಣ ಇಡೀ ದೇಶಕ್ಕೆ ಶೇ 11, ಕರ್ನಾಟಕಕ್ಕೆ ಶೇ 27. ಗಂಡ, ಹೆಂಡತಿ, ಎರಡು ಮಕ್ಕಳು ಎಂದು ಚೌಕ–ವೃತ್ತ ಬರೆದು ಗೆರೆ ಎಳೆಯುವ ಪಶ್ಚಿಮದ ಕುಟುಂಬ ನಕ್ಷೆ ಇಲ್ಲಿ ತಿರುಗಿ ತಿರುಗಿ ಮೊದಲಿನ ಚೌಕಕ್ಕೇ ಬಂದು ನಿಲ್ಲುತ್ತದೆ.

ಮನೆಯವರನ್ನು ಸೇರಿಸಿಕೊಂಡು ಮನಸ್ಸಿಗೆ ಮದ್ದು ಮಾಡುವುದು ನಮಗೆ ಹೊರಗಿನಿಂದ ಬಂದ ವಿದ್ಯೆಯಲ್ಲ. ಅಮೆರಿಕದಲ್ಲಿ ಕುಟುಂಬ ಚಿಕಿತ್ಸೆ ಕಣ್ಣು ಬಿಡುತ್ತಿದ್ದ 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲಿ ಡೇರೆ ಹೊಡೆಸಿ, ರೋಗಿಗಳ ಜೊತೆ ಮನೆಯವರನ್ನೂ ಇರಿಸಿಕೊಂಡರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬ ಮನೋವೈದ್ಯ ಕೇಂದ್ರವೇ ಇದೆ. ದೇಶದ ಎಷ್ಟೋ ಕುಟುಂಬ ಚಿಕಿತ್ಸಕರು ಅಲ್ಲಿ ತಯಾರಾದವರು. ನಮ್ಮಲ್ಲಿ ರೋಗಿಯೊಬ್ಬನೇ ಆಸ್ಪತ್ರೆಗೆ ಬರುವುದಿಲ್ಲ, ಮನೆಯೇ ಎದ್ದು ಬರುತ್ತದೆ ಎಂಬುದನ್ನು ಅವರು ಅರಿತಿದ್ದರು.

ಬಂದವರಲ್ಲಿ ಯಾರನ್ನು ಒಳಗೆ ಕೂರಿಸಬೇಕು, ಯಾರನ್ನು ಸ್ವಲ್ಪ ಹೊತ್ತು ಚಹಾ ಕುಡಿದು ಬನ್ನಿ ಎಂದು ಕಳಿಸಬೇಕು ಎಂಬುದರಲ್ಲೇ ಅರ್ಧ ಕೆಲಸ ಇದೆ. ನುರಿತವರು ಮೊದಲು ಹಿರಿಯರನ್ನೇ ಮಾತಾಡಿಸುತ್ತಾರೆ. ಅತ್ತೆಯ ಮಾತು ಮೊದಲು ಮುಗಿಯದಿದ್ದರೆ ಸೊಸೆಯ ಮಾತಿಗೆ ಮನೆಯಲ್ಲಿ ಬೆಲೆ ಸಿಗುವುದಿಲ್ಲ. ಆಮೇಲೆ ‘ಅಕ್ಕಾರ ಕೂಡ ಒಂದಿಷ್ಟ ಮಾತಾಡಬೇಕು’ ಎಂದು ಉಳಿದವರನ್ನು ಹೊರಗೆ ಕಳಿಸುತ್ತಾರೆ. ಗಂಡ ಹೆಂಡತಿಯನ್ನು ಎದುರುಬದುರು ಕೂರಿಸಿ ‘ನಿಮಗೆ ಏನನ್ನಿಸುತ್ತದೆ, ಇವರಿಗೆ ನೇರವಾಗಿ ಹೇಳಿ’ ಎಂದರೆ ಇಲ್ಲಿ ಇಬ್ಬರೂ ನೆಲ ನೋಡುತ್ತಾರೆ. ಗಂಡನ ಹೆಸರು ಹಿಡಿಯದ, ‘ನಮ್ಮನಿಯವ್ರು’ ಎಂದೇ ಹೇಳುವ ಹೆಣ್ಣುಮಗಳಿಗೆ ಸಮಾಲೋಚಕಿಯ ಕಡೆ ತಿರುಗಿ, ಗಂಡನಿಗೆ ಕೇಳುವಂತೆ ಹೇಳುವುದು ಬರುತ್ತದೆ. ದಿನವೂ ಮನೆಯಲ್ಲಿ ಮಗುವಿನ ಮೂಲಕ ಹಾಗೆಯೇ ಮಾತಾಡುತ್ತಾಳೆ: ‘ನಿಮ್ಮಪ್ಪಗ ಉಣ್ಣಾಕ ಬಾ ಅನ್ನು.’ ಅದನ್ನು ತಿದ್ದಲು ಹೋಗಬೇಕಿಲ್ಲ. ಆ ದಾರಿಯಲ್ಲೇ ಮಾತು ಸಾಗಲಿ.

ಇನ್ನೊಂದು ಉದಾಹರಣೆ. ಹಾರ್ವರ್ಡಿನ ತಿಮೋತಿ ಓ’ಫ್ಯಾರೆಲ್ ಮೊದಲಾದವರು ಬೆಳೆಸಿದ ದಂಪತಿ ಚಿಕಿತ್ಸೆಯಲ್ಲಿ ದಿನಕ್ಕೊಂದು ಸಣ್ಣ ಒಪ್ಪಂದವಿದೆ. ಇವತ್ತು ಕುಡಿಯುವುದಿಲ್ಲ ಎಂದು ಗಂಡ ಹೇಳಬೇಕು, ವೈದ್ಯರು ಕೊಟ್ಟ ಮಾತ್ರೆಯನ್ನು ಹೆಂಡತಿಯ ಎದುರು ನುಂಗಬೇಕು, ಹೆಂಡತಿ ಅದಕ್ಕೆ ಒಳ್ಳೆಯ ಮಾತು ಆಡಬೇಕು. ನಿನ್ನೆ ಮೊನ್ನೆಯದನ್ನು ಯಾರೂ ಎತ್ತಕೂಡದು. ಎರಡೇ ಜನರ ಮನೆಗೆ ಚೆಂದದ ಪದ್ಧತಿ. ನಮ್ಮ ಕೂಡುಮನೆಯಲ್ಲಿ ಅದೇ ಒಪ್ಪಂದ ‘ಹೇಣ್ತಿ ಗಂಡನ್ನ ಕಾಯಾಕ ಹತ್ಯಾಳ’ ಎಂಬ ಮಾತಾಗುತ್ತದೆ, ಅತ್ತೆಗೆ ಮುಳ್ಳಾಗುತ್ತದೆ, ಓಣಿಯಲ್ಲಿ ನಗೆಯಾಗುತ್ತದೆ. ಮುಂಜಾನೆ ಚಹಾದ ಹೊತ್ತಿಗೆ, ತಾಯಿ ಕೈಯಲ್ಲೇ ಮಾತ್ರೆ ಕೊಡಿಸಿದರೆ? ಕೆಲವು ಮನೆಗಳಲ್ಲಿ ನಡೆಯುತ್ತದೆ. ಇನ್ನು ಕೆಲವು ಮನೆಗಳಲ್ಲಿ ಮಗನಿಗೆ ಕುಡಿಯಲು ಗುಟ್ಟಾಗಿ ರೊಕ್ಕ ಕೊಡುತ್ತಿದ್ದವಳೇ ತಾಯಿ. ಅಲ್ಲಿ ಅಣ್ಣನೋ ಚಿಕ್ಕಪ್ಪನೋ ಬೇಕಾಗುತ್ತದೆ. ಇದಕ್ಕೆ ಸಿದ್ಧ ಸೂತ್ರ ಇಲ್ಲ. ಮನೆಯಲ್ಲಿ ಮಾತು ಯಾರದು ನಡೆಯುತ್ತದೆ ಎಂದು ಕೇಳಿಯೇ ತಿಳಿಯಬೇಕು.

ಪಂಚರನ್ನು ಯಾವಾಗ ಕರೆಯಬಾರದು

ಸಂಸ್ಕೃತಿಗೆ ಒಗ್ಗುವ ಚಿಕಿತ್ಸೆ ಎಂದಾಗ ನನಗೆ ಒಂದು ಅನುಮಾನ ಕಾಡುತ್ತದೆ. ಯಾರ ಸಂಸ್ಕೃತಿಗೆ? ಕುಡುಕನನ್ನು ಗುಡಿಯ ಕಟ್ಟೆಗೆ ಕರೆತಂದು ಆಣೆ ಮಾಡಿಸಿದ ಪಂಚರೇ, ಹೊಡೆಸಿಕೊಂಡ ಹೆಣ್ಣಿಗೆ ‘ಹೊಂದ್ಕೊಂಡ್ ಹೋಗವ್ವಾ, ನಾಳಿ ಮಕ್ಕಳ ಮದಿವಿ ಆಗಬೇಕು’ ಎಂದವರು. ಆವರೆಗೂ ಅವಳ ಬಾಯಿ ಮುಚ್ಚಿಸಿದ ಬಳಗವೇ ಅವನನ್ನು ಶಿಬಿರಕ್ಕೆ ಕಳಿಸಿತು. ಆ ಬಳಗದ ಬಲ ಬೇಡ ಎನ್ನಲಾಗದು. ಅದರ ಕೈಗೆ ಎಲ್ಲವನ್ನೂ ಕೊಡಲೂ ಆಗದು.

ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದು ಹೇಳಿದ ಹೆಣ್ಣುಮಕ್ಕಳು ಕರ್ನಾಟಕದಲ್ಲಿ ಶೇ 44. ದೇಶದ ಸರಾಸರಿ ಶೇ 29. ಹಿಂದಿನ ಸಮೀಕ್ಷೆಯಲ್ಲಿ ನಮ್ಮದು ಶೇ 21ರಷ್ಟಿತ್ತು. ಕುಡಿಯದ ಗಂಡಂದಿರ ಹೆಂಡತಿಯರಲ್ಲಿ ದೈಹಿಕ ಇಲ್ಲವೇ ಲೈಂಗಿಕ ಹಿಂಸೆ ಕಂಡವರು ದೇಶದಾದ್ಯಂತ ಶೇ 23, ಪದೇ ಪದೇ ಕುಡಿದು ಅಮಲೇರಿಸಿಕೊಳ್ಳುವವರ ಹೆಂಡತಿಯರಲ್ಲಿ ಶೇ 70. ಕುಡಿಯದವರೂ ಹೊಡೆಯುತ್ತಾರೆ ಎಂಬುದನ್ನೂ ಆ 23 ಹೇಳುತ್ತಿದೆ. ‘ಕುಡದಾಗಷ್ಟ ಹಂಗ್ರೀ’ ಎಂಬ ಸೋದರಮಾವನ ಮಾತಿಗೆ ಇದು ಉತ್ತರ. ಕುಡಿತ ಕೈಯನ್ನು ಸಡಿಲ ಬಿಡುತ್ತದೆ. ಎತ್ತಬಹುದು ಎಂಬ ಧೈರ್ಯ ಬೇರೆಲ್ಲಿಂದಲೋ ಬಂದಿರುತ್ತದೆ. ಬಹುಕಾಲದ ಕುಡಿತದಲ್ಲಿ ಕೆಲವು ಗಂಡಸರಿಗೆ ಹೆಂಡತಿಯ ಶೀಲದ ಮೇಲೆ ಸಂಶಯದ ಭೂತ ಹೊಗುತ್ತದೆ. ಮೆಣಸಿನಕಾಯಿ ಅಂಗಡಿಯ ಕೂಲಿಯಿಂದ ಹೆಣ್ಣುಮಗಳು ಅರ್ಧ ಗಂಟೆ ತಡವಾಗಿ ಬಂದರೆ ಜಗಳ. ಅದು ಕಾಯಿಲೆ. ಕೊಲೆಯವರೆಗೂ ಹೋಗಬಲ್ಲ ಕಾಯಿಲೆ.

ಆದ್ದರಿಂದ ಜವಾಬ್ದಾರಿಯಿರುವ ಚಿಕಿತ್ಸಕರು ಒಂದು ಗೆರೆ ಎಳೆದುಕೊಂಡಿರುತ್ತಾರೆ. ಹೊಡೆತ ನಡೆಯುತ್ತಿದ್ದರೆ, ಹೆಂಡತಿಗೆ ಜೀವಭಯವಿದ್ದರೆ, ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮನಸ್ಸು ಬಿಚ್ಚಿ ಮಾತಾಡಿ ಎನ್ನುವಂತಿಲ್ಲ. ಕೋಣೆಯಲ್ಲಿ ಬಿಚ್ಚಿದ ಮಾತಿಗೆ ಮನೆಯಲ್ಲಿ ಪೆಟ್ಟು ಬೀಳುತ್ತದೆ. ಮೊದಲು ಅವಳನ್ನು ಬೇರೆ ಕೂರಿಸಿ, ರಾತ್ರಿ ಹೆಚ್ಚುಕಮ್ಮಿಯಾದರೆ ಯಾರ ಮನೆಗೆ ಓಡುತ್ತೀರಿ, ಮಕ್ಕಳು ಎಲ್ಲಿರುತ್ತವೆ, ಕಾಗದಪತ್ರ ಎಲ್ಲಿದೆ ಎಂದು ಕೇಳಬೇಕು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ, ಸಖಿ ಕೇಂದ್ರ, ಮಹಿಳಾ ಸಹಾಯವಾಣಿ 181 ಇರುವುದನ್ನು ತಿಳಿಸಬೇಕು. ‘ಸಂಸಾರ ಒಡೆಯೋ ಕೆಲಸಾ ಮಾಡ್ತೀರೇನು’ ಎಂದು ಹೊರಗೆ ನಿಂತ ಹಿರಿಯರು ಕೇಳಿಯಾರು. ಕೇಳಲಿ.

ಗಂಡ ಬರಲೇ ಒಪ್ಪದಿದ್ದರೆ? ಹೆಚ್ಚಿನ ಮನೆಗಳ ಪ್ರಶ್ನೆ ಇದೇ. ಹಾಗಾಗಿಯೇ ಬಸ್‌ಸ್ಟ್ಯಾಂಡಿನ ಗೋಡೆಗಳಲ್ಲಿ ‘ಗೊತ್ತಿಲ್ಲದಂತೆ ಕುಡಿತ ಬಿಡಿಸಲಾಗುವುದು’ ಎಂಬ ಚೀಟಿ ಅಂಟಿರುತ್ತದೆ. ಹೆಣ್ಣುಮಕ್ಕಳು ಮೂಗುಬೊಟ್ಟು ಒತ್ತೆಯಿಟ್ಟು ಆ ಪುಡಿ ತಂದು ಸಾರಿಗೆ ಹಾಕುತ್ತಾರೆ. ಅದರಲ್ಲಿ ಏನಿದೆ ಎಂದು ಮಾರುವವನನ್ನು ಬಿಟ್ಟರೆ ಯಾರಿಗೂ ತಿಳಿಯದು. ಡೈಸಲ್ಫಿರಾಮ್ ಇದ್ದರಂತೂ ಅಪಾಯ. ಡೆನ್ಮಾರ್ಕಿನ ವಿಜ್ಞಾನಿಗಳು 1940ರ ದಶಕದ ಕೊನೆಗೆ ಕಂಡುಕೊಂಡ ಈ ಔಷಧಿ ಮೈಯೊಳಗಿದ್ದಾಗ ಕುಡಿದರೆ ಮುಖ ಕೆಂಪೇರುತ್ತದೆ, ಎದೆ ಹಾರುತ್ತದೆ, ವಾಂತಿಯಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಹೃದ್ರೋಗ ಇರುವವನು ಸತ್ತೇ ಹೋಗಬಹುದು. ವೈದ್ಯರು ಇದನ್ನು ಕೊಡುವುದು ರೋಗಿಗೆ ಎಲ್ಲ ತಿಳಿಸಿ, ಒಪ್ಪಿಗೆ ಪಡೆದು, ರಕ್ತ ಪರೀಕ್ಷೆ ಮಾಡಿಸಿ. ಗುಟ್ಟಾಗಿ ಹಾಕಿದ್ದು ತಿಳಿದ ದಿನ ಹೆಂಡತಿಯ ಕೈಯ ಊಟದ ಮೇಲೇ ನಂಬಿಕೆ ಹೋಗುತ್ತದೆ. ಆಮೇಲೆ ಯಾವ ದಂಪತಿ ಚಿಕಿತ್ಸೆ ಮಾಡುತ್ತೀರಿ?

ಅವನು ಬರದಿದ್ದರೂ ಅವಳೊಬ್ಬಳ ಜೊತೆ ಕೆಲಸ ಶುರು ಮಾಡಬಹುದು ಎಂಬುದು ಹೆಚ್ಚು ಜನಕ್ಕೆ ಗೊತ್ತಿಲ್ಲ. ಅಮೆರಿಕದ ರಾಬರ್ಟ್ ಮೇಯರ್ಸ್ ರೂಪಿಸಿದ ಒಂದು ಪದ್ಧತಿ ಇದೇ. ಅಮಲಿಲ್ಲದ ಹೊತ್ತಿಗೆ ಹೇಗೆ ಮಾತಾಡಬೇಕು, ಅಮಲಿನಲ್ಲಿದ್ದಾಗ ಹೇಗೆ ದೂರ ಸರಿಯಬೇಕು, ಅವನ ಸಾಲ–ಸುಳ್ಳುಗಳಿಗೆ ಹೇಗೆ ಹೊದಿಕೆಯಾಗಬಾರದು, ತನ್ನ ಜೀವವನ್ನು ಮೊದಲು ಹೇಗೆ ಕಾಪಾಡಿಕೊಳ್ಳಬೇಕು ಎಂದು ಮನೆಯವರಿಗೆ ಕಲಿಸುತ್ತಾರೆ. 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೀಗೆ ಕಲಿತವರ ಮನೆಗಳ ಶೇ 64ರಷ್ಟು ಕುಡುಕರು ಚಿಕಿತ್ಸೆಗೆ ಬಂದರು. ಬಳಗವೆಲ್ಲ ಕೂಡಿ ಎದುರು ಕೂತು ತರಾಟೆಗೆ ತೆಗೆದುಕೊಳ್ಳುವ ಪದ್ಧತಿಯಲ್ಲಿ ಬಂದವರು ಶೇ 30. ನಮ್ಮ ಕಟ್ಟೆ ಪಂಚಾಯ್ತಿಯನ್ನು ಹೋಲುವುದು ಈ ಎರಡನೆಯದೇ. ಇದಕ್ಕೆಲ್ಲ ದೊಡ್ಡ ಡಾಕ್ಟರೇ ಬೇಕೆಂದಿಲ್ಲ. ಗೋವಾದಲ್ಲಿ ವೈದ್ಯರಲ್ಲದ, ತರಬೇತಿ ಪಡೆದ ಸ್ಥಳೀಯರೇ 377 ಗಂಡಸರ ಮೇಲೆ ನಡೆದ ಪ್ರಯೋಗದಲ್ಲಿ ಮಾತಿನ ಚಿಕಿತ್ಸೆ ಕೊಟ್ಟರು. 2017ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ಫಲಿತಾಂಶದ ಪ್ರಕಾರ ಅವರ ಬಳಿ ಹೋದವರಲ್ಲಿ ಶೇ 36 ಜನ ಮೂರು ತಿಂಗಳಲ್ಲಿ ಅಪಾಯದ ಕುಡಿತದಿಂದ ಹೊರಬಂದಿದ್ದರು, ಮಾಮೂಲಿ ಆರೈಕೆಯಲ್ಲಿ ಶೇ 26. ಬೆಂಗಳೂರಿನಲ್ಲಿ ಡಾ. ಸಿ.ಆರ್. ಚಂದ್ರಶೇಖರ್ ಸಾಮಾನ್ಯ ಜನರನ್ನೇ ಸಮಾಲೋಚಕರನ್ನಾಗಿ ತಯಾರು ಮಾಡಿದ್ದರ ಹಿಂದೆಯೂ ಇದೇ ನಂಬಿಕೆ ಇದೆ.

ಕುಡಿತದ ಹಿಂದಿನ ಏಟುಗಳನ್ನು ಕೇಳದೆ ಬಿಟ್ಟರೂ ಕೆಲಸ ಕೆಡುತ್ತದೆ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಲು ಹೋದ ರೈತರ ಮೇಲೆ ಗೋಲಿಬಾರ್ ಆಯಿತು, ಇಬ್ಬರು ಸತ್ತರು. 2019ರ ಆಗಸ್ಟ್‌ನಲ್ಲಿ ವರದೆ ಉಕ್ಕಿ ಹೊಲ ಮನೆ ಹೊಕ್ಕಳು. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಕುಸಿದು ರೈತರು ಎಪಿಎಂಸಿಗೆ ನುಗ್ಗಿದರು, ವಾಹನಗಳು ಸುಟ್ಟವು. 2025ರ ಫೆಬ್ರವರಿಯಲ್ಲಿ ಕಿರುಸಾಲದ ವಸೂಲಿ ಕಿರುಕುಳಕ್ಕೆ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಸಾಲಕ್ಕೆ ಅಂಜಿ ಜೀವ ಕಳೆದುಕೊಂಡ ರೈತನ ತಮ್ಮ ಕುಡಿಯುತ್ತಾನೆ ಎಂದರೆ, ಅವನು ಮರೆಯಲು ಹೊರಟಿರುವುದೇನು ಎಂದು ಯಾರಾದರೂ ಕೇಳಬೇಕು. ಇದನ್ನು ಹೇಳುವಾಗ ಒಂದು ಎಚ್ಚರ: ಅವನ ನೋವು ಅವನ ಹೊಡೆತಕ್ಕೆ ನೆಪವಾಗಬಾರದು. ಅವನ ಅಣ್ಣ ಸತ್ತಾಗ ಅವನ ಹೆಂಡತಿಯೂ ಅದೇ ಮನೆಯಲ್ಲಿದ್ದಳು.

ಮಕ್ಕಳೂ ಇದ್ದರು. ಬಾಲ್ಯದಲ್ಲಿ ಮನೆಯೊಳಗಿನ ಹೊಡೆತ, ಕುಡಿತ ಕಂಡವರು ದೊಡ್ಡವರಾದ ಮೇಲೆ ಕುಡಿತಕ್ಕೂ ಖಿನ್ನತೆಗೂ ಹೃದ್ರೋಗಕ್ಕೂ ಹೆಚ್ಚಾಗಿ ಸಿಕ್ಕುತ್ತಾರೆಂದು ಅಮೆರಿಕದಲ್ಲಿ 17,000 ಜನರ ಮೇಲೆ ನಡೆದು 1998ರಿಂದ ಪ್ರಕಟವಾದ ಅಧ್ಯಯನ ತೋರಿಸಿದೆ. ನಮ್ಮಲ್ಲಿ ಶಿಬಿರದ ಕುಟುಂಬ ಸಲಹೆಗೆ ಹೆಂಡತಿ ಬರುತ್ತಾಳೆ, ತಾಯಿ ಬರುತ್ತಾಳೆ. ಶಾಲೆ ತಪ್ಪಿಸಿ ಮಕ್ಕಳನ್ನು ಯಾರು ಕರೆತರುತ್ತಾರೆ?

ತಮಾಷೆಯೆಂದರೆ ನಿಜವಾದ ಜಗಳ ಕೆಲವು ಮನೆಗಳಲ್ಲಿ ಅವನು ಕುಡಿತ ಬಿಟ್ಟ ಮೇಲೆ ಹತ್ತುತ್ತದೆ. ಅವನು ಕುಡಿಯುತ್ತಿದ್ದ ಹತ್ತು ವರ್ಷ ಮನೆ ನಡೆಸಿದ್ದು ಅವಳು. ಮೆಣಸಿನಕಾಯಿ ತೊಟ್ಟು ಬಿಡಿಸಿದ ಕೂಲಿ, ರಾಣೇಬೆನ್ನೂರು ಕಡೆ ಬೀಜದ ಹೊಲದಲ್ಲಿ ಹೂವಿಗೆ ಹೂವು ಮುಟ್ಟಿಸಿದ ಕೂಲಿ, ಸಂಘದ ಕಂತು, ಅಂಗಡಿಯ ಉದ್ರಿ – ಎಲ್ಲ ಅವಳ ಬೆರಳ ಮೇಲಿದೆ. ಹದಿನಾರರ ಮಗ ಮನೆಯ ಯಜಮಾನನಂತೆ ಆಗಿದ್ದಾನೆ. ಅಪ್ಪನನ್ನು ರಾತ್ರಿ ಹೊತ್ತು ತಂದು ಮಲಗಿಸಿದವನು ಅವನು. ಈಗ ಅಪ್ಪ ಸುದ್ದಾಗಿದ್ದಾನೆ. ‘ಲೆಕ್ಕಾ ಕೊಡು’ ಎಂದು ಹೆಂಡತಿಯನ್ನು ಕೇಳುತ್ತಾನೆ. ಮಗ ಎದುರು ಮಾತಾಡಿದರೆ ರೇಗುತ್ತಾನೆ. ನಾನು ಇಷ್ಟೆಲ್ಲ ಬಿಟ್ಟಿದ್ದೇನೆ, ಆದರೂ ನನ್ನನ್ನು ಯಾರೂ ನಂಬುವುದಿಲ್ಲ ಎನ್ನುತ್ತಾನೆ. ಅವಳು ಇನ್ನೂ ಸಂಜೆಗೆ ಬಾಗಿಲ ಸಪ್ಪಳ ಆಲಿಸುತ್ತಾಳೆ, ಅವನ ಬಾಯಿಯ ವಾಸನೆ ನೋಡುತ್ತಾಳೆ. ಊರವರು ‘ಅಂವಾ ಬಿಟ್ಟಾನ, ಇನ್ನೇನ್ ಬೇಕ ನಿನಗ’ ಎಂದು ಅವಳನ್ನೇ ಬೈಯುತ್ತಾರೆ. ಮತ್ತೆ ಕುಡಿದರೆ ಕಾರಣ ಅವಳ ಬಾಯಿ ಎನ್ನುತ್ತಾರೆ.

ಕುಟುಂಬ ಚಿಕಿತ್ಸೆ ಬೇಕಾದದ್ದು ಇಲ್ಲಿ, ಶಿಬಿರದ ಬ್ಯಾನರು ಬಿಚ್ಚಿ ತಿಂಗಳಾದ ಮೇಲೆ. ರೊಕ್ಕ ಯಾರ ಕೈಯಲ್ಲಿರಬೇಕು, ಮಗನಿಗೆ ಅವನ ವಯಸ್ಸು ಹೇಗೆ ವಾಪಸು ಕೊಡಬೇಕು, ಅವಳ ಸಿಟ್ಟು ಹೊರಬೀಳಲು ಎಷ್ಟು ತಿಂಗಳು ಕಾಯಬೇಕು, ಅವನು ಎಷ್ಟು ಕೇಳಿಸಿಕೊಳ್ಳಬಲ್ಲ. ಒಂದೇ ಭೇಟಿಯಲ್ಲಿ ಮುಗಿಯುವುದಿಲ್ಲ. ಕುಡಿತ ಬಿಟ್ಟ ಗಂಡಸರು ವಾರವಾರ ಕೂಡಿ ಮಾತಾಡಲು ಸಮಿತಿ ಇರುವುದಾದರೆ ಅವರ ಹೆಂಡತಿಯರಿಗೂ ಬೇರೆಯೇ ಒಂದು ಕೂಟ ಇರಲಿ. ಮದ್ಯವ್ಯಸನಿಗಳ ‘ಎಎ’ ಕೂಟ 1935ರಲ್ಲಿ ಹುಟ್ಟಿತು. ಮನೆಯವರಿಗೆಂದೇ ‘ಅಲ್‌–ಅನಾನ್’ ಬರಲು 1951ರವರೆಗೆ ಕಾಯಬೇಕಾಯಿತು. ನಮ್ಮ ಸ್ವಸಹಾಯ ಸಂಘಗಳ ಸಭೆಗಳಲ್ಲಿ ಹೆಣ್ಣುಮಕ್ಕಳು ವಾರವೂ ಕೂಡುತ್ತಲೇ ಇದ್ದಾರೆ. ಕಂತಿನ ಪುಸ್ತಕ ಮುಚ್ಚಿದ ಮೇಲೆ ಅರ್ಧ ಗಂಟೆ ಈ ಮಾತಿಗೆ ಸಿಕ್ಕರೆ ಬೇರೆ ಜಾಗ ಹುಡುಕಬೇಕಿಲ್ಲ.

ಗಳಗನಾಥದಿಂದ ಮನೋವೈದ್ಯರನ್ನು ಕಾಣಬೇಕೆಂದರೆ ಗುತ್ತಲದ ಮೇಲೆ ಹಾವೇರಿಗೆ ಹೋಗಬೇಕು, ಇಲ್ಲವೇ ರಾಣೇಬೆನ್ನೂರಿಗೆ. ದೊಡ್ಡ ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್. ಹಾವೇರಿಗೂ ಈಗ ವೈದ್ಯಕೀಯ ಕಾಲೇಜು ಬಂದಿದೆ. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮನೆಯಲ್ಲಿ ಒಂದೇ ಫೋನಿದ್ದು ಅದೂ ಗಂಡನ ಅಂಗಿಯ ಕಿಸೆಯಲ್ಲಿದ್ದರೆ ಮಾತ್ರ ಕಷ್ಟ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರ ಬರುವ ‘ಮನೋಚೈತನ್ಯ’ ಕಾರ್ಯಕ್ರಮವನ್ನು ರಾಜ್ಯ ಹತ್ತು ವರ್ಷದ ಹಿಂದೆಯೇ ಹಾಕಿಕೊಂಡಿತು. ಆದರೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಟೆಂಡರು ಸೋಮವಾರ ಮತ್ತು ಗುರುವಾರ. ಸೋಮವಾರ ಮಾರಾಟವಾದ ಚೀಲಗಳ ಕೆಲಸ ಮಂಗಳವಾರ ಜೋರಾಗಿರುತ್ತದೆ, ಹಂಗಾಮು ಡಿಸೆಂಬರಿನಿಂದ ಬೇಸಿಗೆಯವರೆಗೆ. ‘ಮುಂದಿನ ಸಲ ಗಂಡ ಹೆಂಡತಿ ಇಬ್ಬರೂ ಬನ್ನಿ’ ಎಂದು ಚೀಟಿಯಲ್ಲಿ ಬರೆಯುವ ವೈದ್ಯರು ಎರಡು ಆಳಿನ ಕೂಲಿಯ ನಷ್ಟವನ್ನೂ ಬಸ್ ಖರ್ಚನ್ನೂ ಬರೆದಂತಾಗುತ್ತದೆ. ತಿಂಗಳಿಗೊಂದು ಮಂಗಳವಾರವನ್ನಾದರೂ ಸಂಜೆ ಆರರ ಮೇಲೆ, ಎಪಿಎಂಸಿ ಹತ್ತಿರದ ಯಾವುದಾದರೂ ಅಂಗನವಾಡಿಯಲ್ಲಿ ಇಟ್ಟುಕೊಳ್ಳಲು ಆರೋಗ್ಯ ಇಲಾಖೆಗೆ ಹೊಸ ಕಾಯ್ದೆಯೇನೂ ಬೇಡ.